ಟೋಕಿಯೋಗೆ ಕೊಟ್ಟ ಹುಡುಗಿ

ನಾವು ಚಿಕ್ಕವರಾಗಿದ್ದಾಗ ಮಕ್ಕಳಿಗೋಸ್ಕರ ಎಂದು ಯಾರೂ ಪ್ರವಾಸ ಹೊರಡುತ್ತಿರಲಿಲ್ಲ. ದೊಡ್ಡವರಿಗೆ ಎಲ್ಲಿ ಕೆಲಸವಿತ್ತೋ ಅಲ್ಲಿಗೆ ಗಂಟುಮೂಟೆಗಳ ಜೊತೆ ನಾವೂ ಹೋಗುತ್ತಿದ್ದೆವು. ಮದುವೆ, ಮುಂಜಿ, ಹರಕೆ, ಇಲ್ಲವೇ ಯಾರಾದರೂ ತೀರಿಕೊಂಡ ಮನೆ. ಅಲ್ಲಿ ಸಿಕ್ಕ ಸಂತೋಷವೆಲ್ಲ ನಾವೇ ಹುಡುಕಿಕೊಂಡದ್ದು. ಇದಕ್ಕೆ ಇದ್ದ ಒಂದೇ ಅಪವಾದವೆಂದರೆ ಮೈಸೂರಿನ ಮೃಗಾಲಯ. ಮೈಸೂರಿನವರು ಅದನ್ನು ಜೂ ಎಂದೇ ಕರೆಯುವುದು. 1892ರಲ್ಲಿ ಚಾಮರಾಜೇಂದ್ರ ಒಡೆಯರು ಅದನ್ನು ಆರಂಭಿಸಿದಾಗ ಅಗ್ರಹಾರದ ಮಕ್ಕಳ ಭಾನುವಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರಲಾರರು. ಆದರೆ ನಮ್ಮ ಪಾಲಿಗೆ ಮಾತ್ರ ದೊಡ್ಡವರ ಕೆಲಸವೇನೂ ಇಲ್ಲದ, ಬರೀ ನಮಗಾಗಿಯೇ ಇದ್ದ ಜಾಗ ಅದೊಂದೇ. ಅಪ್ಪ ಮುಂದೆ, ನಾವು ನಾಲ್ಕು ಜನ ಹಿಂದೆ. ಅಮ್ಮ ಬುತ್ತಿ ಕಟ್ಟಿಕೊಟ್ಟು ಮನೆಯಲ್ಲೇ ಉಳಿಯುತ್ತಿದ್ದಳು. ಮನೆಯಲ್ಲಿ ಅತ್ತೆ ಮಾವ ಇದ್ದರು, ಹಿತ್ತಲಿನಲ್ಲಿ ಹಸು ಇತ್ತು. ಅವಳು ಜೂಗೆ ಬರುವುದೆಲ್ಲಿಂದ?

ಅಮ್ಮನ ಮಾತು ಮುಂದೆ ಬರುತ್ತದೆ. ಈಗ ಟೋಕಿಯೋ ಕಡೆ ಹೋಗಬೇಕು.

2023ರ ವಸಂತದಲ್ಲಿ ಮಗಳು ನಮ್ಮಿಬ್ಬರನ್ನೂ ತನ್ನಲ್ಲಿಗೆ ಕರೆಸಿಕೊಂಡಳು. ಅಳಿಯನಿಗೆ ಅಲ್ಲಿ ಕಂಪ್ಯೂಟರ್ ಕೆಲಸ. ಮೊಮ್ಮಗ ಅಭಿಗೆ ಆಗ ಏಳು ವರ್ಷ. ಇಂದಿನ ತಂದೆ ತಾಯಿಯರು ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗಗಳ ಪಟ್ಟಿಯನ್ನು ಜಾತಕ ಬರೆಸಿದಷ್ಟು ಶ್ರದ್ಧೆಯಿಂದ ಮಾಡುತ್ತಾರೆ. ನಮ್ಮ ಮಗಳ ಪಟ್ಟಿಯಲ್ಲಿ ಮೊದಲನೆಯದು ಡಿಸ್ನಿಲ್ಯಾಂಡ್. ಅಮೆರಿಕದ ಹೊರಗೆ ಡಿಸ್ನಿಯವರ ಮೊದಲ ಉದ್ಯಾನ ಇದೇ, 1983ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದದ್ದು. ಆ ಇಡೀ ದಿನ ನಾನು ಮೂರು ಬೆಂಚುಗಳ ಮೇಲೆ ಕೂತು ಐದು ಜನರ ಚೀಲಗಳನ್ನು ಕಾದೆ. ಸುತ್ತ ನೋಡಿದರೆ ಬೆಂಚುಗಳ ಮೇಲೆಲ್ಲ ನನ್ನಂಥವರೇ. ಭಾಷೆ ಬೇರೆ, ಚೀಲ ಕಾಯುವ ಭಂಗಿ ಒಂದೇ. ಅದರ ಬಗ್ಗೆ ಇಷ್ಟು ಸಾಕು.

ಪಟ್ಟಿಯಲ್ಲಿ ಕೊನೆಗೆ ಉಯೆನೊ ಮೃಗಾಲಯ ಎಂದಿತ್ತು. "ಅದೇನು ಹೊಸದಲ್ಲಮ್ಮ, ಹಳೇ ಜೂ. ಬೇಕಾದರೆ ಹೋಗೋಣ" ಎಂದಳು ಮಗಳು. ಹಳೆಯದೆಂದರೆ ನಿಜಕ್ಕೂ ಹಳೆಯದು, 1882ರಲ್ಲಿ ಆದದ್ದು, ನಮ್ಮ ಮೈಸೂರಿನದಕ್ಕಿಂತ ಹತ್ತು ವರ್ಷ ಹಿರಿಯ. ನಾನೇ ಹಟ ಹಿಡಿದು ಹೊರಡಿಸಿದೆ. ಹೊರಡುವ ಮುಂಚೆ ಊರಿನಲ್ಲಿ ಓದಿಕೊಂಡಿದ್ದ ಒಂದು ಸಂಗತಿ ನನ್ನ ತಲೆಯಲ್ಲಿ ಕೂತಿತ್ತು. ಮೈಸೂರು ಸೀಮೆಯಿಂದ ಒಬ್ಬಳು ಹುಡುಗಿ 1949ರಲ್ಲಿ ಅಲ್ಲಿಗೆ ಹೋಗಿದ್ದಳು, ಅವಳಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ ಎಂಬ ಸಂಗತಿ. ಹುಡುಗಿ ಎಂದರೆ ಹೆಣ್ಣಾನೆ. ಹೆಸರು ಇಂದಿರಾ.

ಆದರೆ ಇಂದಿರಾಳ ಕಥೆಯನ್ನು ಅವಳಿಂದಲೇ ಆರಂಭಿಸುವ ಹಾಗಿಲ್ಲ. ಅವಳು ಹೋದದ್ದು ಖಾಲಿಯಾಗಿದ್ದ ಮನೆಗೆ. ಆ ಮನೆ ಖಾಲಿಯಾದದ್ದು ಹೇಗೆಂದು ಮೊದಲು ಹೇಳಬೇಕು. ಅಲ್ಲೇ ನನಗೆ ಕಷ್ಟವಾದದ್ದು, ಏಕೆಂದರೆ ಕೇಳಲು ಪಕ್ಕದಲ್ಲಿ ಅಭಿ ಇದ್ದ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಯೆನೊದಲ್ಲಿ ಮೂರು ಆನೆಗಳಿದ್ದವು. ಜಾನ್ ಎಂಬ ಗಂಡಾನೆ, ಟೊಂಕಿ ಮತ್ತು ವಾನ್ರಿ ಎಂಬ ಹೆಣ್ಣಾನೆಗಳು. ವಾನ್ರಿ 1935ರಲ್ಲಿ ಥಾಯ್ಲೆಂಡಿನಿಂದ ಬಂದದ್ದು, ಅದಕ್ಕೆ ಹನಾಕೊ ಎಂದೂ ಕರೆಯುತ್ತಿದ್ದರು. 1943ರ ಆಗಸ್ಟ್‌ನಲ್ಲಿ ಟೋಕಿಯೋದ ಗವರ್ನರ್ ಆಗಿದ್ದ ಒದಾಚಿ ಶಿಗೆಯೊ ಮೃಗಾಲಯದ ಅಪಾಯಕಾರಿ ಪ್ರಾಣಿಗಳನ್ನೆಲ್ಲ ಕೊಲ್ಲಬೇಕೆಂದು ಆಜ್ಞೆ ಮಾಡಿದ. ಬಾಂಬು ಬಿದ್ದು ಬೋನು ಒಡೆದರೆ ಹುಲಿ ಸಿಂಹಗಳು ಊರಿಗೆ ನುಗ್ಗುತ್ತವೆ ಎಂಬುದು ಕೊಟ್ಟ ಕಾರಣ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ತಾರೀಖುಗಳನ್ನು ಸ್ವಲ್ಪ ಜೋಡಿಸಿ ನೋಡಿ. 1942ರ ಏಪ್ರಿಲ್‌ನಲ್ಲಿ ಒಮ್ಮೆ ಅಮೆರಿಕದ ವಿಮಾನಗಳು ಬಂದು ಹೋಗಿದ್ದವು, ಅಷ್ಟೇ. ಟೋಕಿಯೋದ ಮೇಲೆ ದೊಡ್ಡ ಬಾಂಬು ದಾಳಿಗಳು ಆರಂಭವಾದದ್ದು 1944ರ ನವೆಂಬರ್‌ನಲ್ಲಿ. ಎಂದರೆ ಆಜ್ಞೆ ಹೊರಟಾಗ ಇನ್ನೂ ಒಂದು ವರ್ಷದ ಮೇಲೆ ಸಮಯವಿತ್ತು. ಒದಾಚಿ ಅದಕ್ಕೆ ಮುಂಚೆ ಜಪಾನೀಯರು ಹಿಡಿದಿದ್ದ ಸಿಂಗಪುರದಲ್ಲಿ ಮೇಯರ್ ಆಗಿದ್ದವನು. ಯುದ್ಧ ಯಾವ ಕಡೆಗೆ ವಾಲುತ್ತಿದೆ ಎಂದು ಕಣ್ಣಾರೆ ಕಂಡುಬಂದಿದ್ದ. ರಾಜಧಾನಿಯ ಜನ ಇನ್ನೂ ನಿಶ್ಚಿಂತೆಯಿಂದಿದ್ದಾರೆ, ಅವರಿಗೆ ಯುದ್ಧದ ಬಿಸಿ ಮುಟ್ಟಿಸಬೇಕು ಎಂಬುದು ಅವನ ಮನಸ್ಸಿನಲ್ಲಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಬಿಸಿ ಮುಟ್ಟಿಸಲು ಅವನು ಆರಿಸಿಕೊಂಡದ್ದು ಮಕ್ಕಳು ಬರುವ ಜಾಗವನ್ನು. ಮನೆಯೊಳಗಿನ ಕಷ್ಟವನ್ನು ದೊಡ್ಡವರಿಗೆ ತಿಳಿಸಲು ಮಗುವಿನ ಬೆನ್ನಿಗೆ ಗುದ್ದುವ ಗಂಡಸರನ್ನು ನೀವೂ ಕಂಡಿರುತ್ತೀರಿ.

ಸಿಂಹ, ಹುಲಿ, ಚಿರತೆ, ಕರಡಿಗಳಿಗೆ ವಿಷ ಹಾಕಿದರು. ಗುಂಡು ಹಾರಿಸಿದರೆ ಸುತ್ತಲಿನವರಿಗೆ ಕೇಳಿಸುತ್ತದೆಂದು ಅದನ್ನು ಮಾಡಲಿಲ್ಲ. ಆನೆಗಳ ವಿಷಯದಲ್ಲಿ ತೊಡಕಾಯಿತು. ವಿಷ ಬೆರೆಸಿದ ಆಲೂಗಡ್ಡೆಯನ್ನು ಆನೆ ಮೂಸಿ ನೋಡಿ ಬಿಟ್ಟುಬಿಟ್ಟಿತು. ಚುಚ್ಚುಮದ್ದಿನ ಸೂಜಿ ಆ ಚರ್ಮದೊಳಗೆ ಇಳಿಯಲಿಲ್ಲ. ಕೊನೆಗೆ ಉಳಿದ ದಾರಿ ಉಪವಾಸ ಕೆಡವುವುದು. ಜಾನ್ ಆಗಸ್ಟ್ 29ರಂದು ಸತ್ತಿತು. ವಾನ್ರಿ ಸೆಪ್ಟೆಂಬರ್ 11ರಂದು. ಟೊಂಕಿ ಎಲ್ಲಕ್ಕಿಂತ ಹೆಚ್ಚು ದಿನ ತಡೆದುಕೊಂಡು ಸೆಪ್ಟೆಂಬರ್ 23ರಂದು ಸತ್ತಿತು. ಆಗ ಮೃಗಾಲಯವನ್ನು ನೋಡಿಕೊಳ್ಳುತ್ತಿದ್ದ ಫುಕುದಾ ಸಬುರೊ ಟೊಂಕಿಯನ್ನು ಉತ್ತರದ ಸೆಂದಾಯಿ ನಗರದ ಮೃಗಾಲಯಕ್ಕೆ ಸಾಗಿಸಲು ಏರ್ಪಾಟು ಮಾಡಿದ್ದ. ಗವರ್ನರ್ ಒಪ್ಪಲಿಲ್ಲ. ಒಂದು ಆನೆಯನ್ನು ಉಳಿಸಿದರೆ ಉಳಿದವುಗಳನ್ನು ಕೊಂದದ್ದಕ್ಕೆ ಅರ್ಥವೇನು ಉಳಿಯಿತು, ಅಲ್ಲವೇ?

ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಸೆಪ್ಟೆಂಬರ್ 4ರ ಸಂಗತಿ. ಅಂದು ಮೃಗಾಲಯದೊಳಗೆ ಸತ್ತ ಪ್ರಾಣಿಗಳಿಗೆ ಶ್ರಾದ್ಧದಂಥ ಒಂದು ಕರ್ಮ ನಡೆಯಿತು. ಬೌದ್ಧ ಭಿಕ್ಷುಗಳು ಮಂತ್ರ ಹೇಳಿದರು. ಗವರ್ನರ್ ಬಂದ. ಶಾಲೆಯ ಮಕ್ಕಳೂ ಬಂದು ಕೈಮುಗಿದರು. ತಾರೀಖು ನೋಡಿ: ಅಂದು ಟೊಂಕಿ, ವಾನ್ರಿ ಎರಡೂ ಜೀವಂತವಾಗಿದ್ದವು. ಆನೆಮನೆಗೆ ಅಡ್ಡವಾಗಿ ಪಟ್ಟೆಪಟ್ಟೆಯ ಬಟ್ಟೆಯ ಪರದೆ ಕಟ್ಟಿದ್ದರು. ಪರದೆಯ ಈಚೆಗೆ ತಿಥಿ, ಆಚೆಗೆ ಹಸಿವು.

ಈ ಕಥೆಯನ್ನು ಯುದ್ಧ ಮುಗಿದ ಮೇಲೆ, 1951ರಲ್ಲಿ, ತ್ಸುಚಿಯಾ ಯುಕಿಯೊ ಎಂಬ ಲೇಖಕ ಮಕ್ಕಳಿಗಾಗಿ ಬರೆದ. ಜಪಾನಿನಲ್ಲಿ ಅದನ್ನು ಓದದೆ ದೊಡ್ಡವರಾದವರು ಕಡಿಮೆ ಎನ್ನುತ್ತಾರೆ. ರೇಡಿಯೋದಲ್ಲಿ ಒಬ್ಬ ಹೆಂಗಸು ಎಷ್ಟೋ ವರ್ಷ ಪ್ರತಿ ಆಗಸ್ಟ್ 15ರಂದು ಅದನ್ನು ಓದಿ ಕೇಳಿಸುತ್ತಿದ್ದರು. ನಮ್ಮ ಮಕ್ಕಳು ಬಾವುಟ ಹಿಡಿದು ಚಾಕೊಲೇಟ್ ತಿನ್ನುವ ದಿನ ಅಲ್ಲಿಯ ಮಕ್ಕಳು ಆನೆಗಳಿಗಾಗಿ ಅಳುತ್ತಿದ್ದರು. ಅವರಿಗೆ ಅದು ಯುದ್ಧ ಮುಗಿದ ದಿನ. ಕಥೆಯಲ್ಲಿ ಕಾವಲುಗಾರನನ್ನು ಕಂಡೊಡನೆ ಹಸಿದ ಆನೆಗಳು ತಾವು ಕಲಿತಿದ್ದ ಆಟಗಳನ್ನು ಆಡಿ ತೋರಿಸುತ್ತವೆ, ಆಟ ತೋರಿಸಿದರೆ ತಿನ್ನಲು ಕೊಡುತ್ತಾರೆಂಬ ಆಸೆಯಿಂದ. ಕಥೆಗೆ ಒಂದು ದೋಷವೂ ಇದೆ. ಅದನ್ನು ಓದಿದರೆ ಆಗಲೇ ದಿನವೂ ಬಾಂಬು ಸುರಿಯುತ್ತಿತ್ತೆಂಬ ಭಾವನೆ ಬರುತ್ತದೆ. ತಪ್ಪೆಲ್ಲ ಯುದ್ಧದ ತಲೆಗೆ ಹೋಗುತ್ತದೆ, ಆಜ್ಞೆ ಮಾಡಿದವನು ಜಾರಿಕೊಳ್ಳುತ್ತಾನೆ.

ಆನೆಮನೆಯ ಹತ್ತಿರ ಪ್ರಾಣಿಗಳ ಸ್ಮಾರಕವಿದೆ. ಮಕ್ಕಳು ಕಾಗದದಲ್ಲಿ ಮಡಿಸಿದ ಕೊಕ್ಕರೆಗಳನ್ನು ದಾರದಲ್ಲಿ ಪೋಣಿಸಿ ತಂದು ಅಲ್ಲಿ ಕಟ್ಟುತ್ತಾರೆ. "ಇದೇನಜ್ಜಿ?" ಎಂದ ಅಭಿ. ಮಗಳು ನನ್ನ ಮುಖ ನೋಡಿದಳು, ಬೇಡ ಎನ್ನುವ ಹಾಗೆ. ನಮ್ಮವರು ಹತ್ತಿರದ ಪಂಚ ಅಂತಸ್ತಿನ ಹಳೆಯ ಗೋಪುರವನ್ನು ತೋರಿಸಿ ಮಾತು ಮರೆಸಲು ನೋಡಿದರು. ನಾನು ಅರ್ಧ ಹೇಳಿದೆ: ಬಹಳ ಹಿಂದೆ ಇಲ್ಲಿ ಮೂರು ಆನೆ ಇದ್ದವು, ಯುದ್ಧದಲ್ಲಿ ಅವಕ್ಕೆ ಊಟ ಸಿಗದೆ ಸತ್ತುಹೋದವು. "ಸಿಗಲಿಲ್ವಾ, ಕೊಡಲಿಲ್ವಾ?" ಎಂದು ಕೇಳಿದ. ಮಕ್ಕಳಿಗೆ ಕ್ರಿಯಾಪದದ ಮೇಲೆ ಇಷ್ಟು ಹಿಡಿತವಿರುತ್ತದೆಂದು ನಾನು ಎಣಿಸಿರಲಿಲ್ಲ. ಕೊಡಲಿಲ್ಲ ಎಂದೆ. "ಯಾರು ಹೇಳಿದ್ದು ಕೊಡಬೇಡಿ ಅಂತ?" ಊರಿನ ದೊಡ್ಡ ಅಧಿಕಾರಿ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮೇಲೆ ಮಕ್ಕಳು ಏನು ಮಾಡಿದರು?" ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿತ್ತು.

ಯುದ್ಧ ಮುಗಿದಾಗ ಉಯೆನೊದಲ್ಲಿ ತೋರಿಸಲು ಏನೂ ಉಳಿದಿರಲಿಲ್ಲ. ಹಂದಿ ಕೋಳಿಗಳನ್ನು ಸಾಕಿ ಅವನ್ನೇ ತೋರಿಸುತ್ತಿದ್ದರು. ಸೈನ್ಯದಿಂದ ಮರಳಿದ ನಿರ್ದೇಶಕ ಕೊಗಾ ತದಾಮಿಚಿ 1948ರಲ್ಲಿ ಮಕ್ಕಳದೇ ಒಂದು ಪುಟ್ಟ ಮೃಗಾಲಯವನ್ನು ಅದರೊಳಗೆ ಕಟ್ಟಿದ. ಅಲ್ಲಿ ಮಕ್ಕಳು ಪ್ರಾಣಿಗಳನ್ನು ಮುಟ್ಟಬಹುದಿತ್ತು. ಅದೇ ವರ್ಷ ಕೋತಿಯನ್ನು ಮುಂದೆ ಕೂಡಿಸಿದ ಪುಟ್ಟ ರೈಲೊಂದು ಓಡತೊಡಗಿತು. ಅದು 1974ರವರೆಗೂ ಓಡಿತು. ಆದರೆ ಯುದ್ಧದ ಮಕ್ಕಳು ಆನೆಯನ್ನು ಪುಸ್ತಕದಲ್ಲಿ ಮಾತ್ರ ಕಂಡಿದ್ದರು. ಇಡೀ ಜಪಾನಿನಲ್ಲಿ ಉಳಿದಿದ್ದದ್ದು ಎರಡೇ ಆನೆ, ನಗೋಯಾ ನಗರದ ಹಿಗಾಷಿಯಾಮಾ ಮೃಗಾಲಯದಲ್ಲಿ. ಅಲ್ಲಿಯವರು ಹೇಗೋ ಅವನ್ನು ಕಾಪಾಡಿಕೊಂಡಿದ್ದರು.

ಉಯೆನೊ ಇರುವ ತೈತೊ ವಾರ್ಡಿನಲ್ಲಿ ಆಗ ಮಕ್ಕಳ ಸಭೆ ಎಂದು ಒಂದಿತ್ತು, ದೊಡ್ಡವರ ಪಾರ್ಲಿಮೆಂಟಿನ ಹಾಗೆ. ಪ್ರಜಾಪ್ರಭುತ್ವ ಹೊಸದಾಗಿ ಬಂದಿತ್ತಲ್ಲ, ಮಕ್ಕಳಿಗೂ ಅಭ್ಯಾಸ ಮಾಡಿಸುತ್ತಿದ್ದರು. 1949ರಲ್ಲಿ ಆ ಮಕ್ಕಳು ಸಭೆ ಸೇರಿ, ನಗೋಯಾದಿಂದ ಒಂದು ಆನೆಯನ್ನು ಎರವಲು ಕೇಳಬೇಕೆಂದು ತೀರ್ಮಾನಿಸಿ ಪ್ರತಿನಿಧಿಗಳನ್ನು ಕಳಿಸಿದರು. ನಗೋಯಾದವರು ಕೊಡಲಾರೆವೆಂದರು. ಎರಡು ಆನೆಗಳು ಒಂದನ್ನೊಂದು ಬಿಟ್ಟಿರುತ್ತಿರಲಿಲ್ಲ. ಬೇರೆ ಮಾಡಲು ನೋಡಿದರೆ ಕೂಗಾಡಿ ಗೋಡೆಗೆ ಹಾಯುತ್ತಿದ್ದವಂತೆ. ಆಗ ದೊಡ್ಡವರಿಗೆ ಒಂದು ಒಳ್ಳೆಯ ಬುದ್ಧಿ ಹೊಳೆಯಿತು. ಆನೆಯನ್ನು ಮಕ್ಕಳ ಹತ್ತಿರ ತರಲಾಗದಿದ್ದರೆ ಮಕ್ಕಳನ್ನೇ ಆನೆಯ ಹತ್ತಿರ ಒಯ್ಯೋಣವೆಂದು ವಿಶೇಷ ರೈಲುಗಳನ್ನು ಬಿಟ್ಟರು. ಅವಕ್ಕೆ ಆನೆ ರೈಲು ಎಂದೇ ಹೆಸರು. ಬೇರೆ ಬೇರೆ ಊರುಗಳಿಂದ ಸಾವಿರಾರು ಮಕ್ಕಳು ಅದರಲ್ಲಿ ಹೋಗಿ ಬಂದರು. ಸುಟ್ಟು ಬೂದಿಯಾದ ದೇಶ, ಅನ್ನಕ್ಕೆ ರೇಷನ್, ಅಂಥದರಲ್ಲಿ ಆನೆ ನೋಡಲು ರೈಲು. ನಾನು ಓದಿದ ಮಕ್ಕಳ ಪ್ರವಾಸಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಟೋಕಿಯೋದ ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ. ಆನೆ ಎಲ್ಲಿರುತ್ತದೆ? ಇಂಡಿಯಾದಲ್ಲಿ. ಇಂಡಿಯಾದಲ್ಲಿ ಯಾರನ್ನು ಕೇಳಬೇಕು? ಪ್ರಧಾನಮಂತ್ರಿಯನ್ನು. ನೂರಾರು ಮಕ್ಕಳು ನೆಹರೂ ಅವರಿಗೆ ಪತ್ರ ಬರೆದರು. ಆ ಕಟ್ಟನ್ನು ವ್ಯಾಪಾರಕ್ಕೆಂದು ಅಲ್ಲಿಗೆ ಹೋಗಿದ್ದ ಕಲ್ಕತ್ತೆಯ ವ್ಯಾಪಾರಿಯೊಬ್ಬ ತಂದು ತಲುಪಿಸಿದ. ನಮಗೆ ಸ್ವಾತಂತ್ರ್ಯ ಬಂದು ಇನ್ನೂ ಎರಡು ವರ್ಷ, ಪ್ರಧಾನಮಂತ್ರಿಗಳಿಗೆ ಮಾಡಲು ಬೇರೆ ಕೆಲಸವಿರಲಿಲ್ಲವೇ ಎಂದು ಕೇಳಬಹುದು. ಅವರು ಪತ್ರಗಳನ್ನು ಓದಿ, ಮೈಸೂರು ಸೀಮೆಯ ಹದಿನೈದು ವರ್ಷದ ಹೆಣ್ಣಾನೆಯೊಂದನ್ನು ಆರಿಸಿ, ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟು, ಜೊತೆಗೆ ಒಂದು ಕಾಗದ ಬರೆದು ಕಳಿಸಿದರು. ಕಾಗದದ ತಾರೀಖು 1949ರ ಸೆಪ್ಟೆಂಬರ್ 1. ಇದು ನನ್ನ ಕಾಣಿಕೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಡುತ್ತಿರುವುದು ಎಂದು ಅದರಲ್ಲಿ ಬರೆದಿದ್ದರು. ಮಕ್ಕಳು ಎಲ್ಲ ದೇಶದಲ್ಲೂ ಒಂದೇ ಬಗೆ, ಬೆಳೆದ ಮೇಲೆ ಬೇರೆಯಾಗಿ ಜಗಳಕ್ಕೆ ಇಳಿಯುತ್ತಾರೆ ಎಂಬ ಅರ್ಥದ ಮಾತೂ ಇತ್ತು. ಇಂದಿರಾ ಒಳ್ಳೆಯ ನಡತೆಯವಳು, ಬಲ್ಲವರ ಪ್ರಕಾರ ಮೈಮೇಲೆ ಶುಭಲಕ್ಷಣಗಳೆಲ್ಲ ಇವೆ ಎಂದೂ ತಿಳಿಸಿದ್ದರು. ಇದನ್ನು ಓದಿದಾಗ ನನಗೆ ನಗು ಬಂತು. ಗಂಡಿನ ಕಡೆಯವರಿಗೆ ನಮ್ಮ ಸೋದರಮಾವಂದಿರು ಬರೆಯುತ್ತಿದ್ದ ಕಾಗದಗಳ ಧಾಟಿಯೇ ಅದು.

ಸೆಪ್ಟೆಂಬರ್ ಕೊನೆಯ ವಾರ ಹಡಗು ಟೋಕಿಯೋ ಮುಟ್ಟಿತು. ಬಂದರಿನಿಂದ ಉಯೆನೊವರೆಗೆ ಇಂದಿರಾ ರಾತ್ರಿಯ ಹೊತ್ತು ನಡೆದೇ ಹೋದಳು. ಅಷ್ಟು ಹೊತ್ತಿನಲ್ಲೂ ಜನ ಬೀದಿಯ ಎರಡೂ ಪಕ್ಕ ನಿಂತು ನೋಡಿದರು. ಮದುವಣಗಿತ್ತಿಯನ್ನು ಮನೆ ತುಂಬಿಸಿಕೊಂಡ ಹಾಗೆ ಅಕ್ಟೋಬರ್ 1ರಂದು ದೊಡ್ಡ ಸಮಾರಂಭವಾಯಿತು. ಪ್ರಧಾನಿ ಯೊಷಿದಾ ಬಂದಿದ್ದರು. ಸೆಪ್ಟೆಂಬರ್ ಮೊದಲಲ್ಲಿ ಥಾಯ್ಲೆಂಡಿನಿಂದ ಒಂದು ಮರಿಯಾನೆ ಬಂದಿತ್ತು. ಸತ್ತುಹೋದ ವಾನ್ರಿಯ ನೆನಪಿಗೆ ಅದಕ್ಕೆ ಹನಾಕೊ ಎಂದೇ ಹೆಸರಿಟ್ಟರು. ಆ ಹನಾಕೊ ಮುಂದೆ ಇನ್ನೊಂದು ಮೃಗಾಲಯಕ್ಕೆ ಹೋಗಿ 2016ರವರೆಗೂ ಬದುಕಿತ್ತು.

ಈಗ ಭಾಷೆಯ ಸಂಗತಿ. ಇಂದಿರಾಳನ್ನು ನೋಡಿಕೊಳ್ಳಲು ನೇಮಿಸಿದ್ದ ಜಪಾನಿ ಕಾವಲುಗಾರರು ಕೂರು ಎಂದರೆ ಅವಳು ನಿಂತೇ ಇದ್ದಳು, ಬಾ ಎಂದರೆ ಬರಲಿಲ್ಲ. ಅವಳಿಗೆ ತಿಳಿಯುತ್ತಿದ್ದದ್ದು ಕನ್ನಡದ ಆಜ್ಞೆಗಳು ಮಾತ್ರ ಎಂದು ಅಲ್ಲಿಯವರೇ ದಾಖಲಿಸಿದ್ದಾರೆ. ಜೊತೆಗೆ ಹೋಗಿದ್ದ ಇಬ್ಬರು ಮಾವುತರು ಸುಮಾರು ಎರಡು ತಿಂಗಳು ಅಲ್ಲಿದ್ದು ಕಾವಲುಗಾರರಿಗೆ ಆ ಮಾತುಗಳನ್ನು ಕಲಿಸಿಕೊಟ್ಟು ಊರಿಗೆ ಮರಳಿದರು. ಜಪಾನಿನ ಗಂಡಸರು ಬೆಳಗಾಗೆದ್ದು ಕನ್ನಡದ ನಾಲ್ಕು ಮಾತುಗಳನ್ನು ಬಾಯಿಪಾಠ ಮಾಡುವುದನ್ನು ಊಹಿಸಿಕೊಳ್ಳಿ.

ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮ ನೆನಪಾದಳು. ಅಮ್ಮನ ತವರು ಮದನಪಲ್ಲಿಯ ಕಡೆ, ಮನೆಮಾತು ತೆಲುಗು. ಹದಿನಾರನೆಯ ವಯಸ್ಸಿಗೆ ಮೈಸೂರಿಗೆ ಸೊಸೆಯಾಗಿ ಬಂದಳು. ಮನೆಯಲ್ಲಿ ಹನ್ನೊಂದು ಜನ. ಒಬ್ಬರೂ ಅವಳ ಭಾಷೆಯ ಒಂದು ಮಾತನ್ನು ಕಲಿಯಲಿಲ್ಲ. ಕಲಿಯಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ, ಅವಳಿಗೂ ಹೊಳೆಯಲಿಲ್ಲ. ಅವಳೇ ಆರು ತಿಂಗಳಲ್ಲಿ ಕನ್ನಡ ಕಲಿತಳು. ಅವಳ ರಾಗವನ್ನು ನನ್ನ ಸೋದರತ್ತೆಯರು ಅಣಕಿಸಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ನಮಗೂ, ಹೆತ್ತ ಮಕ್ಕಳಿಗೂ, ಅವಳು ತೆಲುಗು ಕಲಿಸಲಿಲ್ಲ. ಅವಳು ತೆಲುಗು ಆಡುತ್ತಿದ್ದದ್ದು ಹಿತ್ತಲಿನ ಹಸುವಿನ ಜೊತೆ ಮಾತ್ರ. ಹಾಲು ಕರೆಯುವಾಗ ಮೆಲ್ಲಗೆ ಏನೇನೋ ಹೇಳುತ್ತಿದ್ದಳು. ಗೌರಿಗೆ ಎಲ್ಲ ಅರ್ಥವಾಗುತ್ತಿತ್ತು. ಬೇರೆ ಯಾರಾದರೂ ಕರೆಯಲು ಹೋದರೆ ಒದೆಯುತ್ತಿತ್ತು. ಅಪ್ಪ ಅದನ್ನು ಹಸುವಿನ ಹಟ ಎನ್ನುತ್ತಿದ್ದರು.

ಹಾಗೆಂದು ಇಂದಿರಾಳ ಬಾಳನ್ನು ನಾನು ಸುಖದ ಬಾಳೆಂದು ಹೇಳುತ್ತಿಲ್ಲ. ಅವಳನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಬಂದ ಮರುವರ್ಷವೇ, 1950ರಲ್ಲಿ, ಸಂಚಾರಿ ಮೃಗಾಲಯವೆಂದು ಮಾಡಿ ಅವಳನ್ನು ಊರೂರಿಗೆ ಒಯ್ದರು, ದೂರದ ಹೊಕ್ಕೈಡೊ ದ್ವೀಪದವರೆಗೆ. ಕಾಣದ ಮಕ್ಕಳು ಕಂಡರು, ನಿಜ. ಹದಿನಾರು ವರ್ಷದ ಹುಡುಗಿಗೆ ಅದು ಎಂಥ ತಿರುಗಾಟ ಎಂದು ನನಗೆ ಅನಿಸದೆ ಇರಲಿಲ್ಲ. ಆನೆಯನ್ನು ಕಾಣಿಕೆಯಾಗಿ ಕಳಿಸುವುದು ಆ ಕಾಲಕ್ಕೆ ಯಾರಿಗೂ ತಪ್ಪೆನಿಸಿರಲಿಲ್ಲ. ಕೊಡಗಿನ ಕಾಡಿನಲ್ಲಿ ಎಂಟು ವರ್ಷದ ಮರಿಯಾಗಿದ್ದಾಗ ಹಿಡಿದ ಅಂಬಿಕಾ ಎಂಬ ಇನ್ನೊಂದು ಹೆಣ್ಣಾನೆಯನ್ನು 1961ರಲ್ಲಿ ಭಾರತದ ಮಕ್ಕಳ ಹೆಸರಿನಲ್ಲೇ ಅಮೆರಿಕಕ್ಕೆ ಕಳಿಸಿದರು. ಅದು ವಾಷಿಂಗ್ಟನ್ನಿನ ಮೃಗಾಲಯದಲ್ಲಿ 2020ರ ಮಾರ್ಚ್‌ವರೆಗೆ ಇತ್ತು. 2025ರ ಜುಲೈಯಲ್ಲೂ ನಮ್ಮ ಬನ್ನೇರುಘಟ್ಟದಿಂದ ನಾಲ್ಕು ಆನೆಗಳು ವಿಮಾನದಲ್ಲಿ ಜಪಾನಿನ ಹಿಮೇಜಿಗೆ ಹೋದವು, ಕಾಣಿಕೆಯಾಗಿ ಅಲ್ಲ, ಬೇರೆ ಪ್ರಾಣಿಗಳ ವಿನಿಮಯಕ್ಕೆ. ನಾನಿರುವ ಹಾಸನದ ಕಡೆಯಂತೂ ಆನೆ ಎಂದರೆ ಯಾರೂ ಕಾಗದ ಬರೆದು ಕರೆಸಿಕೊಳ್ಳುವುದಿಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಬಂತೆಂದು ಮೊಬೈಲಿಗೆ ಸಂದೇಶ ಬಂದರೆ ಮಕ್ಕಳನ್ನು ಶಾಲೆಗೆ ಕಳಿಸಲೋ ಬೇಡವೋ ಎಂದು ತಾಯಂದಿರು ಬಾಗಿಲಲ್ಲಿ ನಿಂತು ಯೋಚಿಸುತ್ತಾರೆ.

ಇಂದಿರಾ ಉಯೆನೊದಲ್ಲಿ ಮೂವತ್ತನಾಲ್ಕು ವರ್ಷ ಬಾಳಿದಳು. 1957ರ ಅಕ್ಟೋಬರ್‌ನಲ್ಲಿ ನೆಹರೂ ಅವರು ಮಗಳೊಡನೆ ಜಪಾನಿಗೆ ಹೋದಾಗ ಉಯೆನೊಗೆ ಬಂದು ಅವಳನ್ನು ನೋಡಿದರು. ತವರಿನಿಂದ ಬಂದು ನೋಡಿ ಹೋದ ಹಾಗೆ. ಆಮೇಲೆ 1967ರಲ್ಲಿ ಒಂದು ಘಟನೆ ನಡೆಯಿತು. ಇನ್ನೊಂದು ಆನೆ ದೂಡಿದ್ದರಿಂದ ಇಂದಿರಾ ಆವರಣದ ಕಂದಕಕ್ಕೆ ಬಿದ್ದು, ಅಲ್ಲಿಂದ ಹೇಗೋ ಹೊರಗೆ ಬಂದುಬಿಟ್ಟಳು. ಗಾಬರಿಯಾಗಿದ್ದ ಅವಳನ್ನು ಯಾರಿಂದಲೂ ಒಳಗೆ ಕಳಿಸಲಾಗಲಿಲ್ಲ. ಅವಳನ್ನು ಮೊದಲಿನಿಂದ ನೋಡಿಕೊಂಡಿದ್ದ ಕಾವಲುಗಾರ ಹೊಟ್ಟೆಯ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ. ಸುದ್ದಿ ತಿಳಿದು ಅವನು ಎದ್ದು ಬಂದ. ಅವನು ಕರೆದದ್ದೇ ತಡ, ಇಂದಿರಾ ಸುಮ್ಮನೆ ಅವನ ಹಿಂದೆ ಮನೆಯೊಳಕ್ಕೆ ಹೋದಳು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಅಂದು ಅವನು ಕನ್ನಡದಲ್ಲೇ ಕರೆದಿರಬೇಕೆಂದು ನನ್ನ ಮನಸ್ಸು ಹಟ ಹಿಡಿಯುತ್ತದೆ. ಇದಕ್ಕೆ ಆಧಾರ ಕೇಳಬೇಡಿ.

ಇಂದಿರಾ ತೀರಿಕೊಂಡದ್ದು 1983ರ ಆಗಸ್ಟ್ 11ರಂದು. ಡಿಸ್ನಿಲ್ಯಾಂಡ್ ಬಾಗಿಲು ತೆರೆದು ಆಗ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಉಯೆನೊದಲ್ಲೂ ಆನೆಯ ಕಾಲ ಮುಗಿದಿತ್ತೆನ್ನಿ. 1972ರಲ್ಲಿ ಚೀನಾದಿಂದ ಪಾಂಡಾಗಳು ಬಂದ ಮೇಲೆ ಮಕ್ಕಳೆಲ್ಲ ಅತ್ತ ಓಡಿದ್ದರು. ನಾವು ಹೋದ ದಿನವೂ ಪಾಂಡಾ ನೋಡಲು ಒಂದು ಗಂಟೆಗೂ ಮೀರಿದ ಸಾಲಿತ್ತು. ಮಗಳು, ಅಳಿಯ, ನಮ್ಮವರು ಆ ಸಾಲಿನಲ್ಲಿ ನಿಂತರು. ಅಭಿ ನನ್ನ ಜೊತೆ ಆನೆಗಳ ಹತ್ತಿರ ಉಳಿದ. ಪಾಂಡಾ ಬೇಡವೇನೋ ಎಂದರೆ, "ನೀನು ಪೂರ್ತಿ ಹೇಳಿಲ್ಲ" ಎಂದ.

ಪೂರ್ತಿ ಹೇಳಿದೆ. ಪರದೆಯ ಸಂಗತಿಯನ್ನೂ ಹೇಳಿದೆ. ಅಳುತ್ತಾನೆಂದು ಹೆದರಿದ್ದೆ, ಅಳಲಿಲ್ಲ. ಆನೆ ರೈಲಿನಲ್ಲಿ ಎಷ್ಟು ಡಬ್ಬಿ ಇದ್ದವೆಂದು ಕೇಳಿದ. ಮಾವುತರು ಊರಿಗೆ ಹೊರಟಾಗ ಇಂದಿರಾ ಏನು ಮಾಡಿದಳೆಂದು ಕೇಳಿದ. ರಾತ್ರಿ ಮಗಳು ನನ್ನ ಮೇಲೆ ಸ್ವಲ್ಪ ರೇಗಿದಳು, ಅಷ್ಟು ಚಿಕ್ಕ ಮಗುವಿಗೆ ಅದೆಲ್ಲ ಏಕಮ್ಮ ಎಂದು. ಅವಳು ಹೇಳಿದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಆದರೆ ಕೊಡಲಿಲ್ಲವೋ ಸಿಗಲಿಲ್ಲವೋ ಎಂದು ಅವನು ಕೇಳಿದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ.

ನಾವು ನಿಂತಿದ್ದಲ್ಲಿ ಮೂರು ವರ್ಷವೂ ತುಂಬಿರದ ಮರಿಯೊಂದು ತಾಯಿಯ ಪಕ್ಕದಲ್ಲಿ ಹುಲ್ಲು ಎಳೆದಾಡುತ್ತಿತ್ತು. 2020ರ ಅಕ್ಟೋಬರ್ 31ರಂದು ಹುಟ್ಟಿದ್ದು. ಆ ಮೃಗಾಲಯದ ನೂರಮೂವತ್ತೆಂಟು ವರ್ಷದ ಇತಿಹಾಸದಲ್ಲಿ ಅಲ್ಲೇ ಹುಟ್ಟಿದ ಮೊದಲ ಆನೆಮರಿ. ತಂದೆ ಅದು ಹುಟ್ಟುವುದಕ್ಕೆ ಎರಡು ತಿಂಗಳು ಮುಂಚೆ ತೀರಿಕೊಂಡಿತ್ತು. ತಾಯಿ ಥಾಯ್ಲೆಂಡಿನದು. ಮರಿಯ ಹೆಸರು ಅರುಣ್. ಹೆಸರು ಕೇಳಿದ ಕೂಡಲೇ ಅಭಿಗೆ ಅದು ನಮ್ಮದೇ ಎನಿಸಿಬಿಟ್ಟಿತು. "ಅಜ್ಜಿ, ಕನ್ನಡದಲ್ಲಿ ಕರಿ" ಎಂದ.

ಅಕ್ಕಪಕ್ಕದಲ್ಲಿ ಜನ ಇದ್ದರು. ನನಗೆ ನಾಚಿಕೆಯಾಯಿತು. ಆದರೂ ಕಂಬಿ ಹಿಡಿದು, "ಬಾರೋ ಅರುಣ, ಬಾ ಮಗು" ಎಂದು ಮೆಲ್ಲಗೆ ಕರೆದೆ. ಮರಿ ಕಿವಿ ಬೀಸುತ್ತ ಹುಲ್ಲು ತಿನ್ನುತ್ತಲೇ ಇತ್ತು. ಪಕ್ಕದಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ ಜಪಾನಿ ಅಜ್ಜಿಯೊಬ್ಬಳು ನನ್ನ ಕಡೆ ತಿರುಗಿ ತಲೆ ಬಾಗಿಸಿ ನಕ್ಕಳು. ನಾನೂ ತಲೆ ಬಾಗಿಸಿದೆ.

"ಅದಕ್ಕೆ ಬರಲ್ಲ ಅಜ್ಜಿ" ಎಂದ ಅಭಿ, ನನ್ನನ್ನು ಸಮಾಧಾನ ಮಾಡುವ ಹಾಗೆ. "ಅವರಮ್ಮಂದು ಥಾಯ್."

ಆಮೇಲೆ ಹಸಿವಾಯಿತೆಂದ. ಬೆಂಚು ಹುಡುಕಿಕೊಂಡು ಕೂತು ಮೊಸರನ್ನದ ಡಬ್ಬಿ ಬಿಚ್ಚಿದೆವು. ಪಾಂಡಾದ ಸಾಲು ಇನ್ನೂ ಅಲ್ಲೇ ಇತ್ತು.